ವಿಚಾರಣೆ ಫಾರ್ಮ್‌ನಲ್ಲಿ ಎಷ್ಟು ಪ್ರಶ್ನೆ ಇಡಬೇಕು? ಅನುಭವ ಹಂಚಿಕೊಳ್ಳಿ

ದಾವಣಗೆರೆಯಿಂದ ಪ್ರಶ್ನೆ:
ಮನೆಗಳ ಮೇಲೆ ಸೋಲಾರ್ ಹಾಕಿಕೊಡುವ ಸಣ್ಣ ಅಂಗಡಿ ನಮ್ಮದು. ಜಾಹೀರಾತು ನೋಡಿ ಬರುವವರಿಗೆ ಹನ್ನೊಂದು ಪ್ರಶ್ನೆಗಳ ಫಾರ್ಮ್ ಇಟ್ಟಿದ್ದೇವೆ. ತುಂಬಾ ಜನ ಅರ್ಧಕ್ಕೇ ಬಿಟ್ಟು ಹೋಗುತ್ತಾರೆ. ಹೆಸರು, ಮೊಬೈಲ್ ಎರಡೇ ಇಟ್ಟರೆ ಸಾಕಾ?

ಹುಬ್ಬಳ್ಳಿಯಿಂದ:
ನಮ್ಮದೂ ಇದೇ ಕೆಲಸ. ಎರಡೂ ಮಾಡಿ ನೋಡಿದ್ದೇವೆ. ಮೊದಲು ಇಮೇಲ್, ಪೂರ್ತಿ ವಿಳಾಸ, ಮಾಳಿಗೆ ಅಳತೆ, ಆರ್.ಆರ್. ನಂಬರ್ ಎಲ್ಲ ಕೇಳುತ್ತಿದ್ದೆವು. ಆರ್.ಆರ್. ನಂಬರ್ ಯಾರಿಗೆ ನೆನಪಿರುತ್ತದೆ ಹೇಳಿ? ಬಿಲ್ ಹುಡುಕಲು ಎದ್ದವರು ವಾಪಸ್ ಬರುತ್ತಿರಲಿಲ್ಲ.

ಆಮೇಲೆ ಫೇಸ್‌ಬುಕ್‌ನ ಫಾರ್ಮ್‌ನಲ್ಲೇ ಹೆಸರು, ಮೊಬೈಲ್ ಅಷ್ಟೇ ಕೇಳಿದೆವು. ನಂಬರ್‌ಗಳು ರಾಶಿ ಬಿದ್ದವು. ಫೋನ್ ಮಾಡಿದರೆ ಕೆಲವರದು ಬಾಡಿಗೆ ಮನೆ, ಕೆಲವರಿಗೆ ಫಾರ್ಮ್ ಕಳಿಸಿದ್ದೇ ಗೊತ್ತಿಲ್ಲ. ಪ್ರೊಫೈಲ್‌ನಲ್ಲಿರುವ ಹೆಸರು, ನಂಬರ್ ಅಲ್ಲಿ ತಾನಾಗೇ ತುಂಬಿಕೊಳ್ಳುತ್ತದೆ, ಅದಕ್ಕೇ ಹೀಗೆ. ಅದರಲ್ಲೇ ‘ಹೈಯರ್ ಇಂಟೆಂಟ್’ ಅಂತ ಇನ್ನೊಂದು ಬಗೆ ಇದೆ. ಕಳಿಸುವ ಮುಂಚೆ ಇನ್ನೊಮ್ಮೆ ನೋಡಿ ಒಪ್ಪಬೇಕು. ಅದಕ್ಕೆ ಬದಲಾಯಿಸಿದ ಮೇಲೆ ಸುಮ್ನೆ ಬರುವ ನಂಬರ್‌ಗಳು ಕಡಿಮೆಯಾದವು.

ಈಗ ಇರುವುದು ಐದು: ಹೆಸರು, ಮೊಬೈಲ್, ಪಿನ್ ಕೋಡ್, ಮನೆ ಸ್ವಂತದ್ದಾ, ತಿಂಗಳಿಗೆ ಎಷ್ಟು ಯೂನಿಟ್. ಉತ್ತರ ಬೇರೆಯಾದರೆ ನಾವು ಫೋನಿನಲ್ಲಿ ಆಡುವ ಮಾತು ಬೇರೆಯಾಗುತ್ತದಾ ಅಂತ ಒಂದೊಂದನ್ನೂ ಕೇಳಿಕೊಂಡೆವು. ಆಗದ್ದನ್ನು ತೆಗೆದೆವು.

ಯೂನಿಟ್ ವಿಷಯ ನಾವು ಕಷ್ಟಪಟ್ಟು ಕಲಿತದ್ದು. ಮೊದಲು ‘ತಿಂಗಳ ಬಿಲ್ ಎಷ್ಟು’ ಅಂತ ಇತ್ತು. 2023ರಲ್ಲಿ ಗೃಹಜ್ಯೋತಿ ಬಂತಲ್ಲ, ಎಷ್ಟೋ ಜನ ಸೊನ್ನೆ ಅಂತ ಬರೆದರು. ಅವರ ತಪ್ಪಲ್ಲ, ಬಿಲ್ ಬರುವುದೇ ಸೊನ್ನೆ. ಈಗ ‘200ರ ಒಳಗೆ’, ‘200ರಿಂದ 400’, ‘ಅದಕ್ಕೂ ಜಾಸ್ತಿ’, ‘ಗೊತ್ತಿಲ್ಲ’ ಅಂತ ನಾಲ್ಕು ಬಟನ್ ಇವೆ. ‘ಗೊತ್ತಿಲ್ಲ’ ಬೇಕೇ ಬೇಕು, ಇಲ್ಲದಿದ್ದರೆ ಜನ ಅಲ್ಲೇ ನಿಂತುಬಿಡುತ್ತಾರೆ. ಮಾಳಿಗೆ ಅಳತೆ, ಆರ್.ಆರ್. ನಂಬರ್ ಮನೆಗೆ ಹೋದಾಗ ಬರೆದುಕೊಳ್ಳುತ್ತೇವೆ.

ಸಕಲೇಶಪುರದಿಂದ:
ನಮ್ಮ ಹೋಂಸ್ಟೇಗೆ ಮೂರೇ ಸಾಕಾಗಿದೆ. ಯಾವ ದಿನ, ಎಷ್ಟು ಜನ, ಮೊಬೈಲ್. ಹೆಸರನ್ನು ಫೋನಿನಲ್ಲೇ ಕೇಳುತ್ತೇವೆ.

ಮೈಸೂರಿನಿಂದ:
ನಾನು ವೆಬ್‌ಸೈಟ್ ಮಾಡಿಕೊಡುವವಳು. ಪ್ರಶ್ನೆ ಕಡಿಮೆ ಮಾಡುವ ಮುಂಚೆ ಆ ಫಾರ್ಮನ್ನು ನಿಮ್ಮ ಮೊಬೈಲ್‌ನಲ್ಲಿ ನೀವೇ ಒಮ್ಮೆ ತುಂಬಿ ನೋಡಿ. ನಂಬರ್ ಜಾಗ ಮುಟ್ಟಿದರೆ ಅಂಕಿಗಳ ಕೀಬೋರ್ಡ್ ಬರಬೇಕು. +91 ಹಾಕಿದರೂ ತೆಗೆದುಕೊಳ್ಳಬೇಕು. ಒಂದು ಕಡೆ ತಪ್ಪಾದರೆ ಉಳಿದದ್ದೆಲ್ಲ ಅಳಿಸಿ ಹೋಗಬಾರದು. ಎಷ್ಟೋ ಸಲ ಜನ ಓಡಿಹೋಗುವುದು ಇದಕ್ಕೇ.

ಒಂದೇ ಬಾಕ್ಸ್ ಏನು ಮಾಡುತ್ತದೆ ಅನ್ನುವುದಕ್ಕೆ ಎಕ್ಸ್‌ಪೀಡಿಯಾ ಉದಾಹರಣೆ ಇದೆ. ಅದು ಪ್ರವಾಸದ ಟಿಕೆಟ್ ಮಾರುವ ಕಂಪನಿ. ಹಣ ಕಟ್ಟುವ ಪುಟದಲ್ಲಿ ‘ಕಂಪನಿ’ ಅಂತ ಒಂದು ಬಾಕ್ಸ್ ಇತ್ತು, ತುಂಬಲೇಬೇಕು ಅಂತೇನೂ ಇರಲಿಲ್ಲ. ಕೆಲವರು ಅಲ್ಲಿ ಬ್ಯಾಂಕಿನ ಹೆಸರು ಬರೆದು, ವಿಳಾಸವನ್ನೂ ಬ್ಯಾಂಕಿನದೇ ಹಾಕಿದರು. ಕಾರ್ಡ್ ವಿಳಾಸ ತಾಳೆಯಾಗದೆ ಹಣ ನಿಂತುಹೋಯಿತು. ಆ ಬಾಕ್ಸ್ ತೆಗೆದ ಮೇಲೆ ವರ್ಷಕ್ಕೆ 1.2 ಕೋಟಿ ಡಾಲರ್ ಲಾಭ ಜಾಸ್ತಿಯಾಯಿತು ಅಂತ ಅವರೇ ಹೇಳಿದರು.

‘ಮುಂದೆ ಬೇಕಾಗಬಹುದು’ ಅಂತ ಹುಟ್ಟಿದ ದಿನಾಂಕ ಕೇಳಬೇಡಿ. 2023ರ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ, ಹೇಳಿದ ಕೆಲಸಕ್ಕೆ ಬೇಕಾದ ಮಾಹಿತಿಗಷ್ಟೇ ಒಪ್ಪಿಗೆ ನಡೆಯುತ್ತದೆ.

ದಾವಣಗೆರೆಯಿಂದ:
ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿಯವರೇ, ಬಾಡಿಗೆ ಮನೆ ಅಂದವರನ್ನು ಬಿಟ್ಟೇಬಿಡುತ್ತೀರಾ?

ಹುಬ್ಬಳ್ಳಿಯಿಂದ:
ಇಲ್ಲ ಸರ್. ಅವರಿಗೆ ವಾಟ್ಸಾಪ್‌ನಲ್ಲಿ ಮಾಹಿತಿ ಕಳಿಸಿ, ಮನೆ ಮಾಲೀಕರಿಗೂ ತೋರಿಸಿ ಅನ್ನುತ್ತೇವೆ. ಫೋನ್ ಮಾತ್ರ ಸ್ವಂತ ಮನೆಯವರಿಗೆ ಮೊದಲು, ಅದೂ ಅದೇ ದಿನ.