ಅಪ್ಪ ಹತ್ತುವಂಥ ಮಿನಿವ್ಯಾನ್: ಸೀಟು ಬದಲಿಸೋದಾ, ಗಾಡಿನೇ ಬದಲಿಸೋದಾ?

ಸೇಡಂ ರೋಡ್ ಮಗಳು, ಡಲ್ಲಾಸ್ (ಸದ್ಯ ಕಲಬುರಗಿಯಲ್ಲಿ)

ಎಲ್ಲರಿಗೂ ನಮಸ್ಕಾರ. ಎಳ್ಳಮಾವಾಸ್ಯೆಗೆ ಅಂತ ಊರಿಗೆ ಬಂದಿದ್ದೇನೆ. ವಾಪಸ್ ಹೋಗುವಾಗ ಅಪ್ಪ, ಅವ್ವ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇನೆ. ವೀಸಾ ಆಗಿದೆ. ಅಪ್ಪನಿಗೆ ಹೋದ ವರ್ಷ ಲಕ್ವಾ ಹೊಡೆದು ಎಡಗೈ, ಎಡಗಾಲು ಸೋತಿವೆ. ಮನೆಯೊಳಗೆ ಕೋಲು ಹಿಡಿದು ಓಡಾಡುತ್ತಾರೆ. ಹೊರಗೆ ವೀಲ್‌ಚೇರ್ ಬೇಕು. ಮಾತು ಸ್ಪಷ್ಟ, ತಲೆ ಚುರುಕು. ಈಗಲೂ ನನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಾರೆ.

ಚಿಂತೆ ಇರೋದು ಗಾಡಿಯದು. ನಮ್ಮ ಹತ್ತಿರ 2019ರ ಹೋಂಡಾ ಒಡಿಸ್ಸಿ ಇದೆ. ದೊಡ್ಡವನಿಗೆ ಐದು ವರ್ಷ. ಚಿಕ್ಕವಳಿಗೆ ಇನ್ನೂ ವರ್ಷ ತುಂಬಿಲ್ಲ, ಹಿಂದಕ್ಕೆ ಮುಖ ಮಾಡುವ ಸೀಟು. ಇಬ್ಬರ ಸೀಟೂ ಮಧ್ಯದ ಸಾಲಿನಲ್ಲಿವೆ. ಅಪ್ಪ ಎಲ್ಲಿ ಕೂರಬೇಕು? ಮುಂದಿನ ಸೀಟು ತೆಗೆಸಿ, ಹೊರಕ್ಕೆ ತಿರುಗುವ ಸೀಟು ಹಾಕಿಸೋಣ ಅಂತ ನಮ್ಮ ಮನೆಯವರು. ಪರಿಚಯದ ಮೆಕ್ಯಾನಿಕ್ ಒಬ್ಬ "ಒಂದೇ ದಿನದ ಕೆಲಸ" ಅಂದಿದ್ದಾನಂತೆ. ಅಥವಾ ನೆಲ ತಗ್ಗಿಸಿದ ವೀಲ್‌ಚೇರ್ ವ್ಯಾನನ್ನೇ ತಗೊಳ್ಳಬೇಕಾ? ಆರು ತಿಂಗಳಿಗೆ ಅಷ್ಟು ದುಡ್ಡು ಸುರಿಯೋದಾ?

ಮೊನ್ನೆ ಚರಗ ಚೆಲ್ಲಲು ಹೊಲಕ್ಕೆ ಹೊರಟಾಗ ತಮ್ಮನ ಈಕೋದಲ್ಲಿ ಅಪ್ಪನನ್ನು ಕೂರಿಸಿದೆವು. ಸರಿಯುವ ಬಾಗಿಲಿನ ಅಂಚಿಗೆ ಎಡಪಾದ ಸಿಕ್ಕಿಕೊಂಡಿತು. ಬೆರಳು ಒಳಗೆ, ಹಿಮ್ಮಡಿ ಹೊರಗೆ. ತಮ್ಮ ಕಂಕುಳಲ್ಲಿ ಕೈ ಹಾಕಿ ಎತ್ತಿದ. ಅಪ್ಪ "ಭುಜ, ಭುಜ" ಅಂತ ಕೂಗಿದರು. ಅವ್ವ ಭಜ್ಜಿ ಪಾತ್ರೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಡಲ್ಲಾಸ್‌ನಲ್ಲಿ ಎತ್ತೋಕೆ ತಮ್ಮ ಇರೋದಿಲ್ಲ. ಇಂಥದ್ದು ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಶಹಾಬಾದ್ ಫರ್ಸಿ, ಒಹಾಯೊ

ಅಕ್ಕಾ, ಆ ಮೆಕ್ಯಾನಿಕ್ ಕೈಗೆ ಗಾಡಿ ಕೊಡಬೇಡಿ. ಮುಂದಿನ ಸೀಟು ಬರೀ ಸೀಟಲ್ಲ. ಅದರ ಪಕ್ಕೆಯಲ್ಲಿ ಏರ್‌ಬ್ಯಾಗ್ ಇದೆ. ಕೆಳಗೆ ಕೂತವರ ತೂಕ ನೋಡುವ ಸೆನ್ಸರ್ ಇದೆ. ಡ್ಯಾಶ್‌ಬೋರ್ಡಿನ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕೋ ಬೇಡವೋ ಅನ್ನೋದನ್ನು ಅದೇ ಹೇಳುವುದು. ವೈರು ಕಿತ್ತು ಬೇರೆ ಸೀಟು ಕೂರಿಸಿದರೆ ಅಪಘಾತದ ದಿನ ಏನಾಗುತ್ತೆ ಅಂತ ಯಾರೂ ಬರೆದುಕೊಡಲ್ಲ.

ಗಾಡಿಯ ಸುರಕ್ಷತೆಯ ಭಾಗಗಳನ್ನು ಗ್ಯಾರೇಜಿನವರು ಕೆಲಸಕ್ಕೆ ಬಾರದಂತೆ ಮಾಡಬಾರದು ಅಂತ ಇಲ್ಲಿ ಫೆಡರಲ್ ಕಾನೂನೇ ಇದೆ. ಅಂಗವಿಕಲರಿಗಾಗಿ ಮಾರ್ಪಾಡು ಮಾಡುವವರಿಗೆ ಅದರಲ್ಲಿ ವಿನಾಯಿತಿ ಉಂಟು, ಆದರೆ ಅಂಥವರು ರಸ್ತೆ ಸುರಕ್ಷತೆ ನೋಡಿಕೊಳ್ಳುವ ಫೆಡರಲ್ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಬಳಿ ಹೆಸರು ನೋಂದಾಯಿಸಿರಬೇಕು. ನಿಮ್ಮ ಮೆಕ್ಯಾನಿಕ್ ನೋಂದಾಯಿಸಿದ್ದಾನಾ, ಕೇಳಿ ನೋಡಿ. ತಿರುಗುವ ಸೀಟೇ ಬೇಕಾದರೆ ವಿಸ್ಕಾನ್ಸಿನ್‌ನ ಬ್ರೂನೋ ಕಂಪನಿ ಮಾಡುತ್ತದೆ. ಅಂಗವಿಕಲರ ಗಾಡಿ ಸಲಕರಣೆ ಮಾರುವವರ ಸಂಘ ಎನ್‌ಎಂಇಡಿಎ, ಅದರ ಸದಸ್ಯರಾದ ಮೊಬಿಲಿಟಿ ಡೀಲರ್ ಹತ್ತಿರವೇ ಹಾಕಿಸಿ.

ನೆಲ ತಗ್ಗಿಸಿದ ವ್ಯಾನ್ ಮಾತು ಬೇರೆ. ನೆಲವನ್ನೇ ಕೊಯ್ದು ಕೆಳಗಿಳಿಸಿ, ಮಡಚುವ ರ‍್ಯಾಂಪ್ ಕೂರಿಸುತ್ತಾರೆ. ವ್ಯಾನಿನ ಬೆಲೆಯ ಮೇಲೆ ಇನ್ನೂ ಹತ್ತಾರು ಸಾವಿರ ಡಾಲರ್. ದಿನವಿಡೀ ವೀಲ್‌ಚೇರಿನಲ್ಲೇ ಇರುವವರಿಗೆ ಅದು ಬೇಕು. ನಿಮ್ಮ ಅಪ್ಪ ಎದ್ದು ನಿಲ್ಲುತ್ತಾರಲ್ವಾ? ದೂರದ ಪ್ರವಾಸಕ್ಕೆ ಬೇಕೆನಿಸಿದರೆ ಅಂಥ ವ್ಯಾನ್ ಬಾಡಿಗೆಗೂ ಸಿಗುತ್ತದೆ, ದಿನದ ಲೆಕ್ಕಕ್ಕೂ ವಾರದ ಲೆಕ್ಕಕ್ಕೂ.

ಬೀದರ್ ವೈನಿ, ನ್ಯೂಜೆರ್ಸಿ

ನಾನಂತೂ ಯಾವಾಗಲೂ ಹೇಳೋದು ಒಂದೇ. ಟೊಯೋಟಾ ತಗೊಳ್ಳಿ. ಸಿಯೆನ್ನಾ 2021ರಿಂದ ಪೂರ್ತಿ ಹೈಬ್ರಿಡ್. ಗ್ಯಾಲನ್‌ಗೆ 36 ಮೈಲಿ. ನಿಮ್ಮ ಒಡಿಸ್ಸಿ 22 ಕೊಟ್ಟರೆ ಹೆಚ್ಚು. ನಾವು ಅಮೆರಿಕದ ಕನ್ನಡ ಕೂಟಗಳ "ಅಕ್ಕ" ಸಮ್ಮೇಳನಕ್ಕೂ ಅದರಲ್ಲೇ ಹೋಗಿ ಬಂದೆವು. ದಾರಿಯುದ್ದಕ್ಕೂ ಟಿವಿ ಬಂದ್, ಮಕ್ಕಳ ಬಾಯಲ್ಲಿ ಬಸವಣ್ಣನವರ ವಚನ. ನಮ್ಮ ಸಣ್ಣವನು ಇಲ್ಲೇ ಹುಟ್ಟಿದವನು, ಆದರೂ ಶೇಂಗಾ ಹಿಂಡಿ ಇಲ್ಲದೆ ರೊಟ್ಟಿ ಮುಟ್ಟಲ್ಲ. ಎಲ್ಲಾ ತಾಯಂದಿರ ಕೈಯಲ್ಲಿದೆ.

ಶಹಾಬಾದ್ ಫರ್ಸಿ

ವೈನಿ, ಮೈಲೇಜು ಸರಿ. ಆದರೆ ಹೊಸ ಸಿಯೆನ್ನಾದ ಮಧ್ಯದ ಸಾಲಿನ ಸೀಟು ಕಳಚಿ ಇಡೋಕೆ ಬರಲ್ಲ. ಒಡಿಸ್ಸಿಯಲ್ಲಿ ಬರುತ್ತೆ. ವೀಲ್‌ಚೇರು, ವಾಕರು, ಮಗುವಿನ ಸ್ಟ್ರೋಲರು ಎಲ್ಲಾ ಹೊರುವ ಮನೆಗೆ ಅದು ಸಣ್ಣ ವಿಷಯವಲ್ಲ. ಅಕ್ಕ ಪೆಟ್ರೋಲಿನ ಖರ್ಚು ಕೇಳಲೂ ಇಲ್ಲ.

ಬೀದರ್ ವೈನಿ

ನಾನು ಅನುಭವ ಹೇಳಿದೆ, ಅಷ್ಟೇ. ತಗೊಳ್ಳೋದು ಬಿಡೋದು ಅವರಿಗೆ ಬಿಟ್ಟದ್ದು.

ಸುರಪುರದ ಕಾಕಾ, ಹೂಸ್ಟನ್

ತಂಗಿ, ಗಾಡಿ ಮಾತು ಆಮೇಲೆ. ಮೊದಲು ಒಂದು ಕೇಳುತ್ತೇನೆ. ಅಪ್ಪನನ್ನು ಯಾಕೆ ಕರೆದುಕೊಂಡು ಹೋಗುತ್ತೀ? ಅವರಿಗಾಗಿಯೋ, ನಿನ್ನ ಸಮಾಧಾನಕ್ಕೋ? ನಾನು 1998ರಿಂದ ಈ ದೇಶದಲ್ಲಿದ್ದೇನೆ, ಎಲ್ಲಾ ನೋಡಿದ್ದೇನೆ. ಲಕ್ವಾ ಹೊಡೆದ ಮನುಷ್ಯನಿಗೆ ಬೇಕಾದದ್ದು ಮಾತಾಡೋಕೆ ನಾಲ್ಕು ಜನ. ಸೇಡಂ ರೋಡಿನ ಕಟ್ಟೆ ಮೇಲೆ ಕೂತರೆ ಹಾಲಿನವನು ಮಾತಾಡಿಸುತ್ತಾನೆ, ಹಳೇ ಶಿಷ್ಯರು ನಿಲ್ಲುತ್ತಾರೆ. ಡಲ್ಲಾಸ್‌ನ ಸಬ್‌ಡಿವಿಜನ್‌ನಲ್ಲಿ ಮಧ್ಯಾಹ್ನ ಒಂದು ನರಪಿಳ್ಳೆ ಕಾಣಲ್ಲ. ನೀವಿಬ್ಬರೂ ಲ್ಯಾಪ್‌ಟಾಪ್ ಮುಂದೆ. ಅವರು ಕಿಟಕಿ ಮುಂದೆ.

ಇನ್ನು ವಿಸಿಟರ್ ಇನ್ಶೂರೆನ್ಸ್. ಮೊದಲೇ ಇದ್ದ ಕಾಯಿಲೆ ಅಂದರೆ ಕೈ ಎತ್ತಿಬಿಡುತ್ತಾರೆ. ಒಂದು ರಾತ್ರಿ ಆಸ್ಪತ್ರೆ ಸೇರಿದರೆ ಆ ವ್ಯಾನಿನ ದುಡ್ಡೇ ಹೋಗುತ್ತೆ. ಕಲಬುರಗಿಗೆ ಜಯದೇವ ಆಸ್ಪತ್ರೆಯೇ ಬಂದಿದೆ. ನಿಜವಾದ ಉತ್ತರ ಏನು ಗೊತ್ತಾ? ನೀವೇ ವಾಪಸ್ ಬನ್ನಿ. ಮಕ್ಕಳು ಸಣ್ಣವಿದ್ದಾಗಲೇ ಬರಬೇಕು. ಎಂಟನೇ ಇಯತ್ತೆಗೆ ಬಂದ ಮೇಲೆ ಅವು ಅಲ್ಲಿಂದ ಕದಲಲ್ಲ. ನಮ್ಮನೆಯಲ್ಲೇ ನೋಡಿ.

ತೊಗರಿ ಕಣಜ, ಶಾರ್ಜಾ

ಕಾಕಾ, ನೀವು 1998ರಿಂದ ಅಲ್ಲೇ ಇದ್ದು ಇನ್ನೊಬ್ಬರಿಗೆ ವಾಪಸ್ ಬಾ ಅನ್ನುತ್ತೀರಲ್ಲ.

ನಮ್ಮ ಅಪ್ಪನಿಗೂ ಹೀಗೇ ಆಗಿತ್ತು. ಬರ್ತೀನಿ ಬರ್ತೀನಿ ಅನ್ನುತ್ತಲೇ ಇದ್ದರು. ಟಿಕೆಟ್ ತೆಗೆಸುವ ಹೊತ್ತಿಗೆ ಎರಡನೇ ಸಲ ಹೊಡೆಯಿತು. ನನ್ನ ಮನೆ ನೋಡಲೇ ಇಲ್ಲ. ಮಗನ ಮನೆಯ ಬಾಲ್ಕನಿಯಿಂದ ಸಮುದ್ರ ಕಾಣುತ್ತಂತೆ ಅಂತ ಊರಿಗೆಲ್ಲಾ ಹೇಳಿಕೊಂಡು ಬಂದಿದ್ದರು. ಸಿಸ್ಟರ್, ಸುಮ್ನೆ ಕರೆದುಕೊಂಡು ಹೋಗಿ. ಗಾಡಿ ಹೇಗೋ ಆಗುತ್ತೆ.

ಸೇಡಂ ರೋಡ್ ಮಗಳು

ಎಲ್ಲರಿಗೂ ಥ್ಯಾಂಕ್ಸ್. ಕಾಕಾ, ಹೋಗೋಣ ಅಂದದ್ದು ಅಪ್ಪನೇ. ಮೊಮ್ಮಗಳನ್ನು ಎತ್ತಿಕೊಳ್ಳೋಕೆ ಆಗದಿದ್ದರೂ ಹತ್ತಿರ ಕೂತು ನೋಡಬೇಕಂತೆ. ಆ ಮಾತು ಮನೆಯಲ್ಲಿ ಮುಗಿದಿದೆ. ನನ್ನ ಪ್ರಶ್ನೆ ಸೀಟಿನದು.

ಕಲ್ಯಾಣದ ಫಿಸಿಯೋ, ಮಿನ್ನೆಸೋಟ

ನಮ್ಮ ಊರು ಬಸವಕಲ್ಯಾಣ. ದಿನಾ ಇದೇ ಕೆಲಸ ಮಾಡುತ್ತೇನೆ, ಅದಕ್ಕೇ ಉದ್ದ ಬರೆಯುತ್ತೇನೆ.

ಮೊದಲು ಆ ಭುಜ. ಸೋತ ಕೈಯ ಕಂಕುಳಲ್ಲಿ ಕೈ ಹಾಕಿ ಎತ್ತುವುದನ್ನು ಇವತ್ತೇ ನಿಲ್ಲಿಸಿ. ಲಕ್ವಾ ಆದವರ ಭುಜದ ಕೀಲು ಸಡಿಲವಾಗಿರುತ್ತದೆ, ಎಳೆದರೆ ಜಾರುತ್ತದೆ. ಗೇಟ್ ಬೆಲ್ಟ್ ಅಂತ ಸೊಂಟಕ್ಕೆ ಕಟ್ಟುವ ಅಗಲದ ಪಟ್ಟಿ ಸಿಗುತ್ತದೆ. ಹಿಡಿಯೋದು ಅದನ್ನು, ಕೈಯನ್ನಲ್ಲ.

ಎರಡನೆಯದು, ಮಧ್ಯದ ಸಾಲು ಬೇಡ. ಮಿನಿವ್ಯಾನಿನ ಆ ಸೀಟು ಬಾಗಿಲಿನ ಅಂಚಿನಿಂದ ಒಳಗಿರುತ್ತದೆ. ಕಾಲು ಎತ್ತಿ ಒಳಗಿಟ್ಟು, ಆಮೇಲೆ ತಿರುಗಿ ಕೂರಬೇಕು. ಈಕೋದಲ್ಲಿ ಆದದ್ದೂ ಅದೇ. ಅಪ್ಪ ಮುಂದಿನ ಸೀಟಿನಲ್ಲೇ ಕೂರಲಿ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಬೆನ್ನನ್ನು ಸ್ವಲ್ಪ ಒರಗಿಸಿ. ಅಪ್ಪ ಗಾಡಿಗೆ ಬೆನ್ನು ಮಾಡಿ ನಿಂತು, ಸೀಟಿನ ಅಂಚು ತೊಡೆಗೆ ತಾಗಿದ ಮೇಲೆ ಕೂರಬೇಕು. ತಲೆಗೆ ನಿಮ್ಮ ಕೈ ಅಡ್ಡ ಇರಲಿ. ಆಮೇಲೆ ಕಾಲು ಒಂದೊಂದಾಗಿ ಒಳಗೆ. ಹೊರಡುವ ಮುಂಚೆ ಬೆನ್ನು ಮತ್ತೆ ನೆಟ್ಟಗೆ ಮಾಡಿ, ಒರಗಿಸಿದ ಸೀಟಿನಲ್ಲಿ ಬೆಲ್ಟು ಸರಿಯಾಗಿ ಹಿಡಿಯಲ್ಲ.

ಈಗ ಮುಖ್ಯವಾದದ್ದು. ಕಲಬುರಗಿಯಲ್ಲಿ ಮುಂದಿನ ಸೀಟು ಗಾಡಿಯ ಎಡಕ್ಕಿದೆ. ಹೊರಗೆ ಮುಖ ಮಾಡಿ ಕೂತರೆ ಡ್ಯಾಶ್‌ಬೋರ್ಡು, ತೆರೆದ ಬಾಗಿಲು ಎರಡೂ ಅಪ್ಪನ ಗಟ್ಟಿಯಾದ ಬಲಗೈಗೆ ಸಿಗುತ್ತವೆ. ಅಮೆರಿಕದಲ್ಲಿ ಅದೇ ಸೀಟು ಬಲಕ್ಕೆ. ಎಲ್ಲಾ ಉಲ್ಟಾ. ಬಾಗಿಲು ಸೋತ ಎಡಗೈ ಕಡೆಗೆ ಹೋಯಿತು. ಆದರೆ ಬಾಗಿಲು ಬಂದು ಲಾಕ್ ಆಗುವ ಕಬ್ಬಿಣದ ಕೊಂಡಿ ಇದೆಯಲ್ಲ, ಅದು ಬಲಗೈ ಕಡೆಗೆ ಬರುತ್ತದೆ. ಅದಕ್ಕೆ ಸಿಕ್ಕಿಸುವ ಕೈಹಿಡಿ ಮಾರುತ್ತಾರೆ. ಹತ್ತೋವಾಗ ಸಿಕ್ಕಿಸಿ, ಬಾಗಿಲು ಹಾಕೋವಾಗ ತೆಗೆಯಿರಿ. ಮಾರ್ಪಾಡು ಅಂತ ನಿಮಗೆ ಬೇಕಾದದ್ದು ಇಷ್ಟೇ ಇರಬಹುದು.

ಊರಲ್ಲಿರುವಾಗಲೇ ಅಭ್ಯಾಸ ಮಾಡಿಸಿ. ಯಾರದ್ದಾದರೂ ಕಾರಿನ ಬಲಬದಿಯ ಹಿಂದಿನ ಸೀಟಿನಲ್ಲಿ ಹತ್ತಿಸಿ ಇಳಿಸಿ. ದಿಕ್ಕು ಅಮೆರಿಕದ್ದೇ ಸಿಗುತ್ತದೆ. ತಿರುಗುವ ದಿಂಬು ಅಂತ ಒಂದು ಮಾರುತ್ತಾರೆ. ಕೂರಿಸುವಾಗ ಬಳಸಿ, ಗಾಡಿ ಓಡುವಾಗ ಅಪ್ಪನ ಕೆಳಗೆ ಬಿಡಬೇಡಿ. ಬ್ರೇಕ್ ಹಾಕಿದರೆ ಮುಂದಕ್ಕೆ ಜಾರುತ್ತಾರೆ.

ಮಕ್ಕಳ ಸೀಟು ಇದ್ದಲ್ಲೇ ಇರಲಿ. ನೀವು, ಅಮ್ಮ ಮೂರನೇ ಸಾಲಿಗೆ.

ಶಹಾಬಾದ್ ಫರ್ಸಿ

ಫಿಸಿಯೋ ಅಕ್ಕ ಹೇಳಿದ್ದನ್ನು ಸೇವ್ ಮಾಡಿಕೊಂಡೆ. ಟೆಕ್ಸಸ್‌ನಲ್ಲಿ ತಾತ್ಕಾಲಿಕ ಅಂಗವಿಕಲ ಪಾರ್ಕಿಂಗ್ ಫಲಕವನ್ನೂ ಮಾಡಿಸಿ. 5 ಡಾಲರ್, ಆರು ತಿಂಗಳವರೆಗೆ ನಡೆಯುತ್ತೆ. ಕಲಬುರಗಿ ಡಾಕ್ಟರ ಚೀಟಿ ಆಗಲ್ಲ, ಅಲ್ಲಿನ ಡಾಕ್ಟರೇ ಸಹಿ ಹಾಕಬೇಕು. ಫಲಕಕ್ಕಿಂತ ಆ ಜಾಗದ ಅಗಲ ಮುಖ್ಯ. ಬಾಗಿಲು ಪೂರ್ತಿ ತೆರೆಯದಿದ್ದರೆ ಮೇಲಿನದ್ಯಾವುದೂ ನಡೆಯಲ್ಲ.

ಜೇವರ್ಗಿ ಕ್ರಾಸ್, ವಾಪಸ್ ಬಂದವನು

ನಾನು ಈಗ ಕಲಬುರಗಿಯಲ್ಲೇ ಇದ್ದೇನೆ, ಕಾಕಾ ಖುಷಿಪಡಲಿ. ಇಲ್ಲಿಯ ಮಾತೂ ಸ್ವಲ್ಪ ಕೇಳಿ. ಈಕೋ, ಹಳೇ ಓಮ್ನಿ ಸಿಕ್ಕರೆ ನಮ್ಮ ಕಡೆ ಸೀಟು ಕಿತ್ತು ಬೆಂಚು ಹಾಕಿಸೋದು, ಮೇಲೆ ಕ್ಯಾರಿಯರ್, ಮುಂದೆ ಬುಲ್‌ಬಾರ್, ಗಾಜಿಗೆ ಕಪ್ಪು ಫಿಲ್ಮ್, ಇದೆಲ್ಲಾ ಮಾಮೂಲು. ಮೇ ತಿಂಗಳ ಬಿಸಿಲಿಗೆ ಫಿಲ್ಮ್ ಬೇಕೆನಿಸೋದು ನಿಜ. ಆದರೆ ಕಪ್ಪು ಫಿಲ್ಮ್ ಬೇಡ ಅಂತ ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಆರ್‌ಸಿಯಲ್ಲಿರುವ ಕಂಪನಿಯ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಅಂತ 2019ರ ಜನವರಿಯಲ್ಲಿ ಇನ್ನೊಂದು ತೀರ್ಪು ಬಂತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಅದೇ. ಅಂಗವಿಕಲರ ಅನುಕೂಲಕ್ಕೆ ಗಾಡಿ ಹೊಂದಿಸಿಕೊಳ್ಳೋಕೆ ಕಾನೂನಿನಲ್ಲೇ ದಾರಿ ಇದೆ, ಆದರೆ ಆರ್‌ಟಿಒಗೆ ತೋರಿಸಿ ಆರ್‌ಸಿಯಲ್ಲಿ ಬರೆಸಬೇಕು. ಬರೆಸದೆ ಮಾಡಿಸಿದರೆ ಕ್ಲೇಮಿನ ದಿನ ಇನ್ಶೂರೆನ್ಸಿನವರು ಅದನ್ನೇ ಹಿಡಿಯುತ್ತಾರೆ.

ಅಪ್ಪ ವಾಪಸ್ ಬಂದ ಮೇಲೆ ತಮ್ಮನ ಗಾಡಿಗೆ ಇದು ನೆನಪಿರಲಿ. ಮೊದಲು ಬಾಗಿಲ ಬಳಿ ಒಂದು ಗಟ್ಟಿ ಮೆಟ್ಟಿಲು ಪೆಟ್ಟಿಗೆ ಇಟ್ಟು ನೋಡಿ. ನಾಲ್ಕು ಹಲಗೆ, ಮೇಲೆ ರಬ್ಬರ್ ಮ್ಯಾಟ್. ಯಾವ ಆರ್‌ಟಿಒ ಕೂಡ ಕೇಳಲ್ಲ.

ಸುರಪುರದ ಕಾಕಾ

ನೋಡಿದಿರಾ, ವಾಪಸ್ ಬಂದವರು ಆರಾಮಾಗಿದ್ದಾರೆ. ನಾನು ಹೇಳೋದೂ ಅದನ್ನೇ. ಕೈಹಿಡಿ, ಪಟ್ಟಿ, ದಿಂಬು, ಫಲಕ, ಇಷ್ಟೆಲ್ಲಾ ಯಾಕೆ? ಊರಲ್ಲಾದರೆ ಓಣಿಯ ನಾಲ್ಕು ಹುಡುಗರು ಕುರ್ಚಿ ಸಮೇತ ಎತ್ತಿ ಕೂರಿಸುತ್ತಾರೆ. ನಮ್ಮ ಹುಡುಗರಿಗೆ 371(ಜೆ) ಮೀಸಲಾತಿ ಬಂದಿದೆ, ಸೀಟು ಸಿಗುತ್ತೆ, ನೌಕರಿ ಸಿಗುತ್ತೆ. ವಿಮಾನ ನಿಲ್ದಾಣ ಬಂತು, ಆಸ್ಪತ್ರೆ ಬಂತು. ಇನ್ನೇನು ಬೇಕು? ನಮ್ಮ ಪೀಳಿಗೆ ಡಾಲರ್ ನೋಡಿ ಬಂದಿತು. ನಿಮ್ಮ ಪೀಳಿಗೆ ಏನು ನೋಡಿ ಕೂತಿದೆ?

ಕಲ್ಯಾಣದ ಫಿಸಿಯೋ

ಕಾಕಾ, ಜಯದೇವ ಹೃದಯದ ಆಸ್ಪತ್ರೆ. ಲಕ್ವಾಗೆ ಬೇಕಾದದ್ದು ನ್ಯೂರೋ, ಫಿಸಿಯೋಥೆರಪಿ. ಕುರ್ಚಿ ಸಮೇತ ಎತ್ತಿಸಿಕೊಂಡವರ ಭುಜ ನಾನು ಬೇಕಾದಷ್ಟು ನೋಡಿದ್ದೇನೆ.

ಬೀದರ್ ವೈನಿ

ಕಾಕಾ ಹೇಳೋದರಲ್ಲೂ ಅರ್ಥ ಇದೆ. ನಾವೂ 2016ರಲ್ಲಿ ವಾಪಸ್ ಹೋಗೋಣ ಅಂತ ಬೀದರ್‌ನಲ್ಲಿ ಪ್ಲಾಟ್ ತಗೊಂಡೆವು. ಈಗ ಅಲ್ಲಿ ಪಕ್ಕದವರ ಎಮ್ಮೆ ಕಟ್ಟಿದ್ದಾರೆ.

ತೊಗರಿ ಕಣಜ, ಶಾರ್ಜಾ

ವೈನಿ, ಪ್ಲಾಟಿಗೆ ಬೇಗ ಕಾಂಪೌಂಡ್ ಹಾಕಿಸಿ. ಫರ್ಸಿ ಕಲ್ಲು ನಿಲ್ಲಿಸಿದರೂ ಸಾಕು.

ಸುರಪುರದ ಕಾಕಾ

ಪ್ಲಾಟ್ ವಿಷಯ ತೆಗೆದಿರಿ, ಹೇಳುತ್ತೇನೆ ಕೇಳಿ. ಜಾಗ ಯಾವ ಊರದ್ದೇ ಇರಲಿ, ಖಾತಾ, ಮ್ಯುಟೇಶನ್ ನೋಡದೆ ಒಂದು ಅಡಿಯೂ ತಗೋಬಾರದು. ಇದರ ಬಗ್ಗೆ ನಾನು ಬೇರೆಯೇ ಬರೆಯಬೇಕು ಅಂತಿದ್ದೆ...

ಸೇಡಂ ರೋಡ್ ಮಗಳು

ಫಿಸಿಯೋ ಅಕ್ಕಾ, ಇವತ್ತು ಮಾಮಾನ ಕಾರಿನ ಬಲಬದಿಯಲ್ಲಿ ಮಾಡಿ ನೋಡಿದೆವು. ಕೂರೋದು ಸಲೀಸು. ಇಳಿಯುವಾಗ ಮಂಡಿ ಸೊಂಟಕ್ಕಿಂತ ಮೇಲೆ ಬರುತ್ತೆ, ಏಳೋಕೆ ಆಗ್ತಿಲ್ಲ. ಸೀಟು ತಗ್ಗಾಯಿತಾ? ಒಡಿಸ್ಸಿಯಲ್ಲಿ ಎತ್ತರ ಸಾಕಾಗುತ್ತಾ? ತಿರುಗುವ ಸೀಟು ಸದ್ಯಕ್ಕೆ ಬೇಡ ಅಂತ ಮನೆಯವರಿಗೆ ಹೇಳಿದ್ದೇನೆ.

ಸುರಪುರದ ಕಾಕಾ

ಖಾತಾ ಅಂದರೆ ಮೊದಲು ಎ ಖಾತಾ, ಬಿ ಖಾತಾ ವ್ಯತ್ಯಾಸ ತಿಳಿಯಬೇಕು...

ಕಲ್ಯಾಣದ ಫಿಸಿಯೋ

ಹೌದು, ತಗ್ಗಾಗಿದೆ. ಮಂಡಿಗಿಂತ ಸೊಂಟ ಒಂದು ಗೇಣಲ್ಲದಿದ್ದರೂ ನಾಲ್ಕು ಬೆರಳು ಮೇಲಿರಬೇಕು. ಮಿನಿವ್ಯಾನಿನ ಸೀಟು ಕಾರಿಗಿಂತ ಎತ್ತರ, ಅಲ್ಲಿ ಸುಲಭವಾಗುತ್ತೆ. ಸದ್ಯ ಮಾಮಾನ ಕಾರಿನಲ್ಲಿ ಒಂದು ಗಟ್ಟಿ ಕೌದಿ ಮಡಿಸಿ ಹಾಕಿ ಅಭ್ಯಾಸ ಮಾಡಿಸಿ, ಗಾಡಿ ನಿಂತಿರುವಾಗ ಮಾತ್ರ. ಏಳುವಾಗ ಮೊದಲು ಎರಡೂ ಪಾದ ನೆಲಕ್ಕೆ ಊರಲಿ, ಮೂಗು ಮಂಡಿಯ ಮುಂದಕ್ಕೆ ಬರುವಷ್ಟು ಬಾಗಲಿ, ಆಮೇಲೆ ಏಳಲಿ.

ಚಿಂಚೋಳಿ ಹುಡುಗ, ಆಸ್ಟಿನ್

ಹೊಸದಾಗಿ ಸೇರಿದ್ದೇನೆ, ನಮಸ್ಕಾರ. ಮೇಲಿನದ್ದೆಲ್ಲಾ ಪೂರ್ತಿ ಓದಿಲ್ಲ. ಅಕ್ಕಾ, ಸಿಯೆನ್ನಾ ತಗೊಳ್ಳೋದಾದರೆ ಆ ಒಡಿಸ್ಸಿ ಕೊಡ್ತೀರಾ? ಎಷ್ಟು ಮೈಲಿ ಓಡಿದೆ?