ದೂರಪುನರ್ವಸತಿ, ಚಾಲನಾ ಕೌಶಲ: ಈ ಪದಗಳು ತರಗತಿಗೆ ಒಗ್ಗುತ್ತವೆಯೇ?

ಪ್ರಶ್ನೆ:
ಶಾಲೆಯಲ್ಲಿರುವ ಮಗುವಿಗೆ ಚಿಕಿತ್ಸಕರು ಬೇರೆಡೆಯಿಂದ ವಿಡಿಯೊ ಮೂಲಕ ಕೈಕಾಲುಗಳ ಚಲನೆ ಕಲಿಸುವುದಕ್ಕೆ ‘ಟೆಲಿರಿಹ್ಯಾಬಿಲಿಟೇಶನ್’ ಎನ್ನುತ್ತಾರೆ. ಶಿಕ್ಷಕರ ಕೈಪಿಡಿಯ ಕರಡಿನಲ್ಲಿ ಇದು ‘ದೂರಪುನರ್ವಸತಿ’ ಆಗಿದೆ. ಮಗುವನ್ನು ಎಲ್ಲಿಗೋ ಸಾಗಿಸುವಂತೆ ಕೇಳಿಸುತ್ತದೆ. ‘ಮೋಟರ್ ಸ್ಕಿಲ್ಸ್’ ಎಂಬುದು ‘ಚಾಲನಾ ಕೌಶಲ’ವಾಗಿದೆ, ಅದು ವಾಹನ ಓಡಿಸುವವರ ಮಾತು. ಮಗುವಿಗೆ ಕೊಡುವ ಸೂಚನೆಗಳು ಹೀಗಿವೆ: ‘ಕೈ ಎತ್ತು’, ‘ಕಾಲು ನೆಲಕ್ಕೆ ಊರು’, ‘ಕುಂಟಿಕೊಂಡು ಬಾ’. ಬಲ್ಲವರು ತಿದ್ದಿಕೊಡಬೇಕು.

ಉತ್ತರ:
‘ಪುನರ್ವಸತಿ’ ಕಾನೂನಿನಲ್ಲೂ ಸಂಸ್ಥೆಗಳ ಹೆಸರಿನಲ್ಲೂ ಬೇರೂರಿದೆ, ಅಲ್ಲಿ ಇರಲಿ. ‘ಪುನಶ್ಚೇತನ’ವೂ ಬೇಡ, ಶಿಕ್ಷಕರಿಗೆ ತಮ್ಮ ಪುನಶ್ಚೇತನ ಶಿಬಿರವೇ ನೆನಪಾಗುತ್ತದೆ. ನಿಜವಾದ ತೊಡಕಿರುವುದು ‘ಪುನರ್’ನಲ್ಲಿ. ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ರಿಹ್ಯಾಬಿಲಿಟೇಶನ್, ಎಂದೂ ಬಾರದಿದ್ದುದನ್ನು ಮೊದಲ ಸಲ ಕಲಿಯುವುದು ಹ್ಯಾಬಿಲಿಟೇಶನ್. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 26ನೆಯ ವಿಧಿ ಎರಡನ್ನೂ ಹೆಸರಿಸುತ್ತದೆ. ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಚಲನೆ ಹಿಡಿತಕ್ಕೆ ಬಾರದ ಸ್ಥಿತಿ) ಇರುವ ಮಗು ಪೆನ್ಸಿಲ್ ಹಿಡಿಯುವುದನ್ನು ಕಲಿಯುವಾಗ ಮರಳಿ ಪಡೆಯುವುದೇನೂ ಇಲ್ಲ. ‘ವಿಡಿಯೊ ಮೂಲಕ ಚಲನ ತರಬೇತಿ’ ಎಂದರೆ ಎರಡೂ ಬಗೆಯ ಮಕ್ಕಳಿಗೆ ಸಲ್ಲುತ್ತದೆ.

‘ಮೋಟರ್ ಸ್ಕಿಲ್ಸ್’ಗೆ ‘ಚಲನ ಕೌಶಲ’ ಸರಿ. ಆದರೆ ‘ಸ್ಥೂಲ ಚಲನ’ ಬರೆಯಬೇಡಿ, ಸ್ಥೂಲಕಾಯದ ನೆನಪಾಗುತ್ತದೆ. ನಡೆಯುವುದು, ಹತ್ತುವುದು, ಎಸೆಯುವುದು ‘ದೊಡ್ಡ ಚಲನೆ’. ಗುಂಡಿ ಹಾಕುವುದು, ಕತ್ತರಿ ಹಿಡಿಯುವುದು ‘ಸೂಕ್ಷ್ಮ ಚಲನೆ’.

ಸೂಚನೆಗಳ ಮೇಲೆ ಹೆಚ್ಚು ದುಡಿಯಬೇಕು. ಎದುರಿಗಿದ್ದರೆ ಚಿಕಿತ್ಸಕರು ಮುಟ್ಟಿ ತೋರಿಸುತ್ತಾರೆ. ಪರದೆಯಾಚೆಯಿಂದ ಆ ಕೆಲಸವನ್ನು ಮಾತೇ ಮಾಡಬೇಕು. ಕನ್ನಡದ ‘ಕೈ’ ಹೆಗಲಿನಿಂದ ಬೆರಳ ತುದಿಯವರೆಗೂ ಹರಡಿದೆ. ‘ಕೈ ಎತ್ತು’ ಎಂದರೆ ಒಂದು ಮಗು ತೋಳನ್ನೇ ಎತ್ತುತ್ತದೆ, ಇನ್ನೊಂದು ಅಂಗೈಯನ್ನಷ್ಟೇ. ‘ಮುಂಗೈ’ಯಿಂದಲೂ ಗೊಂದಲ ತೀರದು: ಕೆಲವರಿಗೆ ಅದು ಮಣಿಕಟ್ಟು, ಕೆಲವರಿಗೆ ಮೊಣಕೈಯಿಂದ ಕೆಳಗಿನ ಭಾಗ. ‘ಮೊಣಕೈ ಮೇಜಿನ ಮೇಲಿರಲಿ, ಅಂಗೈ ಮಾತ್ರ ಮೇಲೆತ್ತು’ ಎಂದು ಬರೆಯಿರಿ. ‘ಕಾಲು ಊರು’ ಬದಲು ‘ಎರಡೂ ಹಿಮ್ಮಡಿ ನೆಲಕ್ಕೆ ತಾಗಲಿ’. ಕುರ್ಚಿ ಎತ್ತರವಾಗಿದ್ದರೆ ಮಗು ಬೆರಳ ತುದಿಯನ್ನಷ್ಟೇ ತಾಗಿಸಿ ಕೂರುತ್ತದೆ, ಮೈ ನಿಲ್ಲದೆ ಬರವಣಿಗೆ ಕೆಡುತ್ತದೆ. ಆಗ ಪಾದದಡಿ ಹಲಗೆ ಇಡಬೇಕು. ಇದು ಕಾಣಲು ಕ್ಯಾಮರಾ ಮಗುವಿನ ಪಕ್ಕದಲ್ಲಿರಬೇಕು. ಬೆರಳ ಹಿಡಿತ ನೋಡಲು ಎರಡನೆಯದನ್ನು ಮೇಜಿನ ಮೇಲಿನಿಂದ ಇಡಿ. ಎದುರಿನ ಕ್ಯಾಮರಾಕ್ಕೆ ಇವೆರಡೂ ಸಾಮಾನ್ಯವಾಗಿ ಮರೆಯಾಗುತ್ತವೆ.

‘ಕುಂಟಿಕೊಂಡು ಬಾ’ ಎಂಬುದನ್ನು ದಯವಿಟ್ಟು ತೆಗೆಯಿರಿ. ಆಟದಲ್ಲಿ ಅದಕ್ಕೆ ಒಂಟಿಕಾಲಲ್ಲಿ ಜಿಗಿಯುವ ಅರ್ಥವಿದ್ದರೂ, ನಡಿಗೆಯಲ್ಲಿ ತೊಂದರೆಯಿರುವ ಮಗುವಿನ ಕಿವಿಗೆ ಅದು ಹಂಗಿಸಿದಂತೆಯೇ. ‘ಒಂಟಿಕಾಲಲ್ಲಿ ಮೂರು ಸಲ ಜಿಗಿ’ ಸಾಕು.

ಇನ್ನೊಂದು ಉತ್ತರ:
‘ಎಡ’, ‘ಬಲ’ ಪದಗಳನ್ನೂ ನೋಡಿ. ಹಲವು ವಿಡಿಯೊ ತಂತ್ರಾಂಶಗಳು ನಮ್ಮ ಚಿತ್ರವನ್ನು ನಮಗೆ ಕನ್ನಡಿಯಂತೆ, ಎದುರಿನವರದನ್ನು ಇದ್ದಂತೆ ತೋರಿಸುತ್ತವೆ. ಎರಡನ್ನೂ ನೋಡುವ ಮಗು ತಬ್ಬಿಬ್ಬಾಗುತ್ತದೆ. ಒಂದು ಮಣಿಕಟ್ಟಿಗೆ ಸಡಿಲವಾಗಿ ಕೆಂಪು ಪಟ್ಟಿ ಕಟ್ಟಿ ‘ಕೆಂಪು ಪಟ್ಟಿಯ ಕೈ’ ಎನ್ನಿ.

‘ಒಂದು, ಎರಡು’ ಎಂಬ ಎಣಿಕೆ ಯಾರದೆಂದೂ ಸೂಚನೆಯಲ್ಲೇ ಬರೆಯಿರಿ. ಸಂಪರ್ಕದಲ್ಲಿ ದನಿ ತಡವಾಗಿ ತಲುಪುವುದರಿಂದ ಚಿಕಿತ್ಸಕರ ಎಣಿಕೆಗೆ ಚೆಂಡು ಹಿಡಿದರೆ ತಾಳ ತಪ್ಪುತ್ತದೆ. ಪಕ್ಕದಲ್ಲಿರುವ ಸಹಾಯಕರೇ ಎಣಿಸಬೇಕು.