ಸಹಾಯ ಬೇಕು: ಜೇನು, ಇರುವೆ ದಾಳಿಯ ಹಳೆಯ ಟಿವಿ ಸಿನಿಮಾಗಳು

ಎಲ್ಲರಿಗೂ ನಮಸ್ಕಾರ. 1970ರ ದಶಕದಲ್ಲಿ ಅಮೆರಿಕದ ಟಿವಿಗಾಗಿ ಕಡಿಮೆ ದುಡ್ಡಿನಲ್ಲಿ ಮಾಡಿದ ಹುಳುಗಳ ದಾಳಿಯ ಸಿನಿಮಾಗಳೆಂದರೆ ನನಗೆ ಪಂಚಪ್ರಾಣ. ಅವುಗಳಲ್ಲಿ ಎರಡರ ಒಳ್ಳೆಯ ಡಿವಿಡಿ ಬೇಕಾಗಿದೆ.

ಮೊದಲನೆಯದು 1976ರ 'ದಿ ಸ್ಯಾವೇಜ್ ಬೀಸ್'. ನ್ಯೂ ಆರ್ಲಿಯನ್ಸ್‌ನಲ್ಲಿ ಮಾರ್ಡಿ ಗ್ರಾ ಹಬ್ಬದ ಗದ್ದಲ. ಅದೇ ಹೊತ್ತಿಗೆ ಹಡಗಿನಲ್ಲಿ ಬಂದ ಆಫ್ರಿಕನ್ ಜೇನು ಊರಿಗೆ ನುಗ್ಗುತ್ತದೆ. ಕೊನೆಗೆ ಪುಟ್ಟ ಫೋಕ್ಸ್‌ವ್ಯಾಗನ್ ಕಾರೊಂದನ್ನು ಜೇನು ಪೂರ್ತಿ ಮುತ್ತಿಕೊಳ್ಳುತ್ತದೆ. ಒಳಗೆ ಕೂತ ಹೆಣ್ಣುಮಗಳು ಅದನ್ನು ಮೆಲ್ಲಗೆ ಸೂಪರ್‌ಡೋಮ್ ಕ್ರೀಡಾಂಗಣದೊಳಗೆ ಓಡಿಸಿಕೊಂಡು ಹೋಗುತ್ತಾಳೆ. ಅಲ್ಲಿ ಎ.ಸಿ. ಜೋರು ಮಾಡಿ ಜೇನನ್ನು ಚಳಿಗೆ ಮರಗಟ್ಟಿಸುತ್ತಾರೆ. ಆ ಕಾಲಕ್ಕೆ ಕಂಪ್ಯೂಟರ್ ಗ್ರಾಫಿಕ್ಸ್ ಎಲ್ಲಿತ್ತು? ನಿಜವಾದ ಹುಳುಗಳೇ! ಕಥೆಯೂ ಸುಮ್ನೆ ಹುಟ್ಟಿದ್ದಲ್ಲ. 1957ರಲ್ಲಿ ಬ್ರೆಜಿಲ್‌ನಲ್ಲಿ ಸಾಕಿದ್ದ ಆಫ್ರಿಕನ್ ಜೇನು ತಪ್ಪಿಸಿಕೊಂಡು ಉತ್ತರಕ್ಕೆ ಹಬ್ಬುತ್ತಿತ್ತು. 1990ರಲ್ಲಿ ಟೆಕ್ಸಾಸ್‌ಗೆ ಬಂದೇಬಿಟ್ಟಿತು.

ಎರಡನೆಯದು 1977ರ 'ಇಟ್ ಹ್ಯಾಪನ್ಡ್ ಅಟ್ ಲೇಕ್‌ವುಡ್ ಮ್ಯಾನರ್'. 'ಆಂಟ್ಸ್' ಅಂತಲೂ ಕರೆಯುತ್ತಾರೆ. ಮೈಮೇಲೆಲ್ಲ ಇರುವೆ ಹರಿದಾಡುವಾಗ, ಸಿಕ್ಕಿಬಿದ್ದವರು ಸುರುಳಿ ಸುತ್ತಿದ ಕಾಗದದ ಕೊಳವೆಯಿಂದ ಉಸಿರಾಡುತ್ತಾ ಅಲುಗಾಡದೆ ಕೂತಿರುತ್ತಾರಲ್ವಾ, ಅದೇ ಸಿನಿಮಾ.

ನನ್ನ ಹತ್ತಿರ ಇರುವುದು ವಿಡಿಯೊ ಟೇಪಿನಿಂದ ಇಳಿಸಿಕೊಂಡ ಕಾಪಿ. ಕತ್ತಲ ದೃಶ್ಯಗಳಲ್ಲಿ ಜೇನು ಬರೀ ಮಸಿ ಚೆಲ್ಲಿದ ಹಾಗೆ ಕಾಣುತ್ತದೆ. ತುಂಬ ಬೇಜಾರಾಗುತ್ತದೆ.

ಅಮೆರಿಕದಲ್ಲಿರುವ ಕನ್ನಡಿಗರು ಹಳೆಯ ಡಿವಿಡಿ ಅಂಗಡಿಗಳಲ್ಲಿ ಇವನ್ನು ಕಂಡಿದ್ದರೆ ದಯವಿಟ್ಟು ತಿಳಿಸಿ. ರೀಜನ್ 1 (ಅಮೆರಿಕ, ಕೆನಡಾದ ಪ್ಲೇಯರ್‌ಗಳಿಗೆಂದೇ ಮಾಡಿದ ಡಿವಿಡಿ) ಆದರೂ ಪರವಾಗಿಲ್ಲ, ನನ್ನ ಪ್ಲೇಯರ್‌ನಲ್ಲಿ ಓಡುತ್ತದೆ. ಅಂಚೆ ಖರ್ಚು ಸೇರಿಸಿ ಹಣ ಮೊದಲೇ ಕಳಿಸುತ್ತೇನೆ. ನಿಜವಾದ ಹುಳುಗಳನ್ನೇ ಬಳಸಿ ಮಾಡಿದ ಇಂಥ ಬೇರೆ ಟಿವಿ ಸಿನಿಮಾ ಗೊತ್ತಿದ್ದರೆ ಅದನ್ನೂ ಹೇಳಿ.